ಡೋಣಿ ದಂಡೆಯಲ್ಲಿ ನಮ್ಮ ಡ್ರಿಲ್ ಮಾಸ್ತರು

ನಮ್ಮ ಡ್ರಿಲ್ ಮಾಸ್ತರು ತೀರಿಕೊಂಡ ಸುದ್ದಿಯನ್ನು ನನಗೆ ತಿಳಿಸಿದವಳು ಅರಕೇರಿಯಿಂದ ಕಾಯಿಪಲ್ಯ ತರುವ ಹೆಣ್ಣುಮಗಳು. ಬುಟ್ಟಿ ಇಳಿಸಿ, ಮೆಂತ್ಯಪಲ್ಯದ ಸಿವುಡು ನನ್ನ ಕೈಗಿಡುತ್ತ, "ನಿಮ್ಮ ಸಾಲ್ಯಾಗ ಇದ್ರಲ್ರಿ ಅಕ್ಕೋರ, ಮಿಲಿಟ್ರಿಯವರು, ಹ್ವಾದ ಸೋಮಾರ ಹೋದ್ರು" ಎಂದಳು. ಬಹಳ ನರಳಿದರೇನೆಂದು ಕೇಳಿದೆ. ಇಲ್ಲವಂತೆ. ಬೆಳಿಗ್ಗೆ ಬೂಟಿಗೆ ಪಾಲಿಶ್ ಹಚ್ಚಿ, ಕಾಲಿಗೇರಿಸಿ, ಲಾಡಿ ಬಿಗಿದುಕೊಂಡು ಕಟ್ಟೆಯ ಮೇಲೆ ಕುಳಿತವರು ಮತ್ತೆ ಏಳಲೇ ಇಲ್ಲವಂತೆ. "ಬೂಟಿನ್ಯಾಗ ಮುಖಾ ಕಾಣಾಕತ್ತಿತ್ರಿ" ಎಂದಳು. ನನಗೆ ಮೊದಲು ನಗು ಬಂತು. ಅಳು ಬಂದದ್ದು ಆಮೇಲೆ, ಪಲ್ಯ ಸೋಸುತ್ತ ಒಬ್ಬಳೇ ಕೂತಾಗ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಚಿಕ್ಕಂದಿನಲ್ಲಿ ಊರವರು ಆ ಹೆಸರನ್ನು ಅರ್ಧಕ್ಕೆ ಕತ್ತರಿಸಿ, ಮುಂದೊಂದು 'ಲೇ' ಸೇರಿಸಿ ಕರೆಯುತ್ತಿದ್ದರೆಂದು ಅವರಿಗೆ ತಮ್ಮ ಹೆಸರಿನ ಮೇಲೇ ಮುನಿಸು. ಫೌಜಿನಲ್ಲಿ ಹವಾಲ್ದಾರರೆನಿಸಿಕೊಂಡರು, ಸಾಲೆಯಲ್ಲಿ ಡ್ರಿಲ್ ಮಾಸ್ತರರೆನಿಸಿಕೊಂಡರು. ಅವೆರಡು ತಾವು ದುಡಿದು ಗಳಿಸಿದ ಹೆಸರುಗಳೆಂದು ಹೇಳುತ್ತಿದ್ದರು. ನಾನೂ ಹಾಗೆಯೇ ಕರೆಯುತ್ತೇನೆ.

ಅವರು ನಮ್ಮ ಸಾಲೆಗೆ ಬಂದದ್ದು ದೊಡ್ಡ ಯುದ್ಧ ಮುಗಿದು, ಫೌಜಿಗೆ ಹೋದವರೆಲ್ಲ ಒಬ್ಬೊಬ್ಬರಾಗಿ ಮನೆಗೆ ಮರಳುತ್ತಿದ್ದ ಕಾಲದಲ್ಲಿ. ಈಗ ಎಲ್ಲರೂ ವಿಜಯಪುರ ಎನ್ನುವ ನಮ್ಮ ವಿಜಾಪುರದ ಜೋರಾಪುರ ಪೇಟೆಯಲ್ಲಿ ಆ ಸಾಲೆ. ಅಲ್ಲಿ ಮಾಸ್ತರರ ನಡುವೆ ನಾನೊಬ್ಬಳೇ ಹೆಣ್ಣು. ಮಾಸ್ತರರ ಖೋಲಿಯಲ್ಲಿ ನನ್ನ ಕುರ್ಚಿಯನ್ನು ಕಪಾಟಿನ ಆಚೆ ಹಾಕಿದ್ದರು, ಹೆಣ್ಣೆಂದು. ಡ್ರಿಲ್ ಮಾಸ್ತರರ ಕುರ್ಚಿಯನ್ನು ಬಾಗಿಲ ಹೊರಗಿನ ಪಡಸಾಲೆಯಲ್ಲಿ ಹಾಕಿದರು, ಊರ ಹೊರಗಿನ ಕೇರಿಯವರೆಂದು. ಹೆಡ್ ಮಾಸ್ತರರು ಅದಕ್ಕೆ "ನಿಮಗ ಗಾಳಿ ಚೊಲೊ ಬರತೈತಿ" ಎಂಬ ಕಾರಣ ಕೊಟ್ಟರು. ಇವರು ಸೆಲ್ಯೂಟ್ ಹೊಡೆದು, ಮರುದಿನ ಆ ಕುರ್ಚಿಯನ್ನು ಎರಡು ಗೇಣು ಒಳಕ್ಕೆ ಸರಿಸಿದರು. ವಾರ ಕಳೆಯುವುದರೊಳಗೆ ಹೊಸ್ತಿಲ ಮೇಲಿದ್ದರು. ದೀಪಾವಳಿ ಸೂಟಿ ಮುಗಿಸಿ ಬಂದು ನೋಡಿದರೆ ಕುರ್ಚಿ ಖೋಲಿಯ ನಟ್ಟನಡುವೆ ಇತ್ತು. ಯಾವ ದಿನ ದಾಟಿತೆಂದು ಯಾರಿಗೂ ಹೇಳಲಾಗಲಿಲ್ಲ, ಹೀಗಾಗಿ ಜಗಳ ತೆಗೆಯುವುದೂ ಯಾರಿಗೂ ಆಗಲಿಲ್ಲ.

ನೋಡಲು ಗಿಡ್ಡ ಆಳು. ಅಗಲ ಎದೆ, ದಪ್ಪ ಕುತ್ತಿಗೆ, ಇಡೀ ಪೇಟೆಗೆ ಕೇಳಿಸುವ ಗಂಟಲು. ವಿನಯವೆಂಬುದು ಅವರ ಹತ್ತಿರ ಸುಳಿದಿರಲಿಲ್ಲ. ಬಡಾಯಿ ಕೊಚ್ಚುವುದರಲ್ಲಿ ಎತ್ತಿದ ಕೈ. ತಾವು ಓಡಿಸಿದ ಲಾರಿ, ತಾವು ದಾಟಿದ ಸಮುದ್ರ, ತಮ್ಮ ಕೈಕುಲುಕಿದ ಕ್ಯಾಪ್ಟನ್, ಎಲ್ಲವೂ ಹೇಳಿದಷ್ಟು ಸಲ ಒಂದೊಂದು ಮೊಳ ಬೆಳೆಯುತ್ತಿದ್ದವು. ಹುಡುಗರಿಗೂ ಹಾದಿಗೆ ಅಡ್ಡ ನಿಂತ ಎಮ್ಮೆಗೂ ಒಂದೇ ದನಿಯಲ್ಲಿ ಹಿಂದೂಸ್ತಾನಿಯಲ್ಲಿ ಹುಕುಂ ಕೊಡುತ್ತಿದ್ದರು. ಎಮ್ಮೆ ಹೆಚ್ಚು ಕೇಳುತ್ತಿತ್ತು.

ಅವರ ಹಟವನ್ನು ನೋಡಬೇಕೆಂದರೆ ನೀರಿನ ಬಾಟಲಿಯ ಕಥೆ ಹೇಳಬೇಕು. ಮಾಸ್ತರರ ಖೋಲಿಯ ಕೊಡಕ್ಕೆ ಅವರು ಕೈಹಚ್ಚುವಂತಿರಲಿಲ್ಲ. ಹಚ್ಚುವೆನೆಂದೂ ಅವರು ಹೇಳಲಿಲ್ಲ. ಫೌಜಿನ ಖಾಕಿ ಬಟ್ಟೆ ಸುತ್ತಿದ ಬಾಟಲಿಯಲ್ಲಿ ಮನೆಯ ನೀರು ತರುತ್ತಿದ್ದರು. ಮಧ್ಯಾಹ್ನದ ಸೂಟಿಯಲ್ಲಿ ಅದರ ಬಿರಡೆ ತೆಗೆದು, ತಾವು ಕುಡಿಯುವ ಮೊದಲು ಒಬ್ಬೊಬ್ಬ ಮಾಸ್ತರರ ಮುಂದೂ ಹಿಡಿದು, "ನೀರ ತೊಗೊಳ್ರಿ ಮಾಸ್ತರ" ಎನ್ನುತ್ತಿದ್ದರು. ಒಬ್ಬರಿಗೆ ನೆಗಡಿ, ಒಬ್ಬರಿಗೆ ಹಲ್ಲುನೋವು, ಒಬ್ಬರಿಗೆ ಉಪವಾಸ. ಹೀಗೆ ಒಂದು ದಿನವಲ್ಲ, ಸಾಲೆ ಇದ್ದಷ್ಟು ದಿನವೂ. ನೆಪ ಹುಡುಕಿ ಹುಡುಕಿ ಮಾಸ್ತರರು ಬೇಸತ್ತು ಹೋದರು. ಮುಖ ಕಿವುಚಿಕೊಂಡು "ಇಂದೂ ಹಲ್ಲು ನೋಯ್ತದ" ಎಂದವರಿಗೆ ಇವರು ಲವಂಗದೆಣ್ಣೆ ತಂದುಕೊಟ್ಟಿದ್ದೂ ಉಂಟು. ನಾನು ಒಂದು ದಿನ ತೊಗೊಂಡು ಕುಡಿದೆ. ಅದರಲ್ಲಿ ದೊಡ್ಡ ಧೈರ್ಯವೇನೂ ಇರಲಿಲ್ಲ. ಏಪ್ರಿಲ್ ತಿಂಗಳು, ವಿಜಾಪುರದ ಬಿಸಿಲು, ನನಗೆ ನೀರಡಿಕೆಯಾಗಿತ್ತು.

ಡ್ರಿಲ್ ಎಂದರೆ ಎಡ ಬಲ ಕಾಲು ಎತ್ತಿಸುವುದು ಎಂದು ಹೆಡ್ ಮಾಸ್ತರರು ತಿಳಿದಿದ್ದರು. ಇವರು ಹುಡುಗರಿಂದ ಹೊರಸು ತರಿಸಿ, ಒಬ್ಬನನ್ನು ಅದರ ಮೇಲೆ ಮಲಗಿಸಿ, ನಾಲ್ವರಿಂದ ಎತ್ತಿಸಿ, ಬಯಲಿನ ತುಂಬ ಓಡಿಸುತ್ತಿದ್ದರು. ಮಲಗಿದವನ ಎದೆಯ ಮೇಲೆ ನೀರು ತುಂಬಿದ ತಂಬಿಗೆ. ನೀರು ಚೆಲ್ಲಿದರೆ ಮತ್ತೆ ಮೊದಲಿನಿಂದ. ತಂದೆತಾಯಿಗಳ ತಕರಾರು ಬಂತು, ತಮ್ಮ ಹುಡುಗನನ್ನು ಬದುಕಿರುವಾಗಲೇ ಹೆಣ ಮಾಡಿ ಹೊರಿಸುತ್ತಾರೆಂದು. ಹೆಡ್ ಮಾಸ್ತರರು ಕರೆದು ಕೇಳಿದರು. "ಸರ, ನಡಿಯೂದು ಅವರವ್ವ ಕಲಿಸ್ಯಾಳ್ರಿ. ಹೊರೂದು ನಾ ಕಲಿಸ್ತೇನಿ" ಎಂದು ಹೇಳಿ ಹಿಮ್ಮಡಿ ತಟ್ಟಿ ಹೊರಟುಬಿಟ್ಟರು.

ಈ ಹೊರುವ ವಿದ್ಯೆಯ ಮೇಲೆ ಅವರಿಗೆ ಅಷ್ಟು ಪ್ರೀತಿ ಯಾಕೆಂದು ನನಗೆ ತಿಳಿದದ್ದು ಒಂದು ಪರೀಕ್ಷೆಯ ಮಧ್ಯಾಹ್ನ, ಇಬ್ಬರೂ ಒಂದೇ ಖೋಲಿಯಲ್ಲಿ ಕಾವಲಿದ್ದಾಗ. ಹುಡುಗರು ಬರೆಯುತ್ತಿದ್ದುದರಿಂದ ಅಂದು ಅವರ ದನಿ ಸಣ್ಣದಾಗಿತ್ತು, ಬಡಾಯಿಯೂ ಇರಲಿಲ್ಲ.

ಅವರ ತಂದೆಗೆ ಅರಕೇರಿಯಲ್ಲಿ ಸತ್ತ ದನ ಎಳೆಯುವ ಕೆಲಸ, ಸತ್ತ ಮನುಷ್ಯರ ಸುದ್ದಿ ಊರೂರಿಗೆ ಮುಟ್ಟಿಸುವ ಕೆಲಸ. ಮಗನೂ ಕೈಗೆ ಬಂದ ಕೂಡಲೇ ಹಗ್ಗದ ಇನ್ನೊಂದು ತುದಿ ಹಿಡಿಯಬೇಕಾಯಿತು. ಇನ್ನು ಯಾರ ಹೆಣವನ್ನೂ ಎತ್ತುವುದಿಲ್ಲ ಎಂದು ನಿರ್ಧಾರ ಮಾಡಿ, ಹೇಳದೆ ಕೇಳದೆ ಫೌಜಿಗೆ ಸೇರಿಕೊಂಡವರು ಅವರು. ಯುದ್ಧಕ್ಕೆ ಹೋದರೆ ಹೆಣಗಳಿರುತ್ತವೆಂಬುದು ತಮ್ಮ ತಲೆಗೆ ಹೊಳೆಯಲೇ ಇಲ್ಲವೆಂದು ಹೇಳಿ ತಾವೇ ನಕ್ಕರು.

ಅವರನ್ನು ರೇಷನ್, ಮದ್ದುಗುಂಡು ಸಾಗಿಸುವ ಲಾರಿಗಳ ತುಕಡಿಗೆ ಹಾಕಿ ಇಟಲಿ ದೇಶಕ್ಕೆ ಒಯ್ದರು. ಅಲ್ಲೊಂದು ಬೆಂಕಿ ಉಗುಳುವ ಗುಡ್ಡ. ಯುದ್ಧ ಒಂದು ಕಡೆ ನಡೆದಿರುವಾಗಲೇ ಅದು ಒಡೆಯಿತು. ಕರಗಿದ ಕಲ್ಲು ಗುಡ್ಡದಿಂದ ಇಳಿದು ಊರಿನೊಳಗೆ ಬಂತು, ಹೊರೆ ಹೊತ್ತ ಎತ್ತು ನಡೆದಂತೆ ನಿಧಾನ. ಆಚೆಯ ಊರುಗಳ ಮೇಲೆ ಬೂದಿ ಸುರಿಯಿತು. ಇವರ ತುಕಡಿಗೆ ಹುಕುಂ ಬಂತು, ಮದ್ದುಗುಂಡು ಇಳಿಸಿ ಮಂದಿಯನ್ನು ತುಂಬಿಕೊಂಡು ಬರ್ರಿ ಎಂದು. ಆ ಮಂದಿ ಹಿಂದಿನ ವರ್ಷದವರೆಗೂ ವೈರಿಗಳು. ಒಬ್ಬ ಸಿಪಾಯಿ, ಇವರಿಗೆ ನಾವು ಯಾಕೆ ಬೆನ್ನು ಮುರಿದುಕೊಳ್ಳಬೇಕೆಂದು ಕೇಳಿದನಂತೆ. ಕ್ಯಾಪ್ಟನ್ ಅವನ ಕೈಗೊಂದು ಸಲಿಕೆ ಕೊಟ್ಟನಂತೆ.

ಮಾಳಿಗೆಗಳ ಮೇಲೆ ಬೂದಿಯ ಭಾರ ಬಿದ್ದು ಮನೆಗಳು ಕುಸಿಯುತ್ತಿದ್ದವು. ಒಂದು ಊರಿನಲ್ಲಿ ಇವರ ಲಾರಿಗಳು ಹೋಗಿ ನಿಂತು, ಡಬ್ಬಿ ಊಟ ಇಳಿಸಿ, ಬರ್ರಿ ಬರ್ರಿ ಎಂದು ಕೈಬೀಸಿ ಕರೆದರೂ ಒಬ್ಬರೂ ಸಮೀಪ ಬರಲಿಲ್ಲ. ಮಾತು ತಿಳಿಯದು. ಕ್ಯಾಪ್ಟನ್ ಸಿಟ್ಟಾದ. ಕೊನೆಗೆ ತಿಳಿದದ್ದೇನೆಂದರೆ, ಒಬ್ಬ ಮುದುಕ ಕುಸಿದ ಮನೆಯ ಕೆಳಗಿದ್ದ, ಅವನನ್ನು ತೆಗೆಯದೆ ಆ ಓಣಿಯವರು ಬಾಯಿಗೆ ಏನೂ ಹಾಕುವವರಲ್ಲ. ಅಗೆದು ತೆಗೆದರು. ಸ್ಟ್ರೆಚರಿನ ಮೇಲೆ ಇಟ್ಟರು. ಇವರು ಹಿಂದೆ ಸರಿದು ನಿಂತರು. ಊರು ಬಿಟ್ಟು ಬಂದದ್ದೇ ಇದು ಬೇಡವೆಂದು. ಅಷ್ಟರಲ್ಲಿ ಕ್ಯಾಪ್ಟನ್ ತಾನೇ ಬಗ್ಗಿ ಕಾಲಿನ ಕಡೆಯ ಹಿಡಿಕೆ ಹಿಡಿದ. ಇನ್ನೊಂದನ್ನು ಆ ಮುದುಕನ ಮಗಳು ಹಿಡಿದಳು, ಮತ್ತೊಂದನ್ನು ಅಲ್ಲಿಯ ಪಾದ್ರಿ. ಒಂದು ಉಳಿಯಿತು. "ಬಿಳೀ ಸಾಹೇಬ ಹಿಡದಾನ, ದೇವರ ಪೂಜಾ ಮಾಡಾಂವ ಹಿಡದಾನ. ನಾ ಹಿಡದೆ. ಅವತ್ತ ಗೊತ್ತಾತ್ರಿ ಅಕ್ಕೋರ, ಎತ್ತೂದು ಹೊಲಸು ಕೆಲಸ ಅಲ್ಲ. ಒಬ್ಬರ ತಲಿಗೇ ಕಟ್ಟೂದು ಹೊಲಸು" ಎಂದರು.

ಫೌಜಿನ ಬಗ್ಗೆಯೂ ಅವರು ಕುರುಡು ಅಭಿಮಾನ ಇಟ್ಟುಕೊಂಡವರಲ್ಲ. ಮಂದಿಗೆ ಆಪತ್ತು ಬಂದಾಗ ಫೌಜಿಗೆ ಮೂರು ಕೆಲಸ ಚೊಲೊ ಬರುತ್ತವೆ, ಎತ್ತುವುದು, ಒಯ್ಯುವುದು, ಅಗೆಯುವುದು. ಕೇಳುವುದು ಬರುವುದಿಲ್ಲ ಎನ್ನುತ್ತಿದ್ದರು. ಯಾರನ್ನೂ ಕೇಳದೆ ಮಾಡುವುದರಿಂದಲೇ ಬೇಗ ಆಗುತ್ತದೆ, ಯಾರನ್ನೂ ಕೇಳದೆ ಮಾಡುವುದರಿಂದಲೇ ಕೆಡುತ್ತದೆ. ಪರದೇಶದಲ್ಲಾದರೆ ಇನ್ನೂ ಕಷ್ಟ, ಕೇಳಿದರೂ ಮಾತು ತಿಳಿಯದು. ಈ ಮಾತನ್ನು ನಾನು ಆಗ ಅರ್ಧ ಕಿವಿಯಲ್ಲಿ ಕೇಳಿದೆ, ಹುಡುಗನೊಬ್ಬ ಪಕ್ಕದವನ ಪಾಟಿಯತ್ತ ಕತ್ತು ಚಾಚಿದ್ದ.

ಅದಾಗಿ ಬಹಳ ಕಾಲವಾಗಿರಲಿಲ್ಲ. ಸಾಲೆಯ ಮೇಲೆ ಹೊಸ ಬಾವುಟ ಹಾರಿದ ಹೊಸತು. ಆ ವರ್ಷ ಉತ್ತರಿ ಮಳೆ ಹಿಡಿದದ್ದು ಬಿಡಲಿಲ್ಲ. ಬಬಲೇಶ್ವರದ ಹಾದಿಯಲ್ಲಿ ಡೋಣಿ ಹೊಳೆ ದಂಡೆ ದಾಟಿ ಹರಿದು ಒಂದು ಊರನ್ನು ಸುತ್ತುಗಟ್ಟಿತು. ಡೋಣಿಯ ನೀರು ಬಂದಷ್ಟೇ ಬೇಗ ಇಳಿಯುತ್ತದೆ. ಹಿಂದೆ ಬಿಟ್ಟುಹೋಗುವ ಎರಿಯ ರಾಡಿ, ಆ ಕರಿ ಮಣ್ಣಿನ ಕೆಸರು ಮಾತ್ರ ನೀರಿಗಿಂತ ಕೆಟ್ಟದ್ದು. ಕಾಲಿಟ್ಟರೆ ಸೊಂಟದವರೆಗೂ ಎಳೆದುಕೊಳ್ಳುತ್ತದೆ. ಊರವರು ಗುಡಿಯ ದಿಬ್ಬ ಏರಿ ಕುಳಿತಿದ್ದಾರೆ, ಕಾಳು ಕಡಿ ಎಲ್ಲ ನೆಂದು ಹೋಗಿದೆ ಎಂದು ಸುದ್ದಿ ಬಂತು.

ಡ್ರಿಲ್ ಮಾಸ್ತರು ಅಂದು ಸಂಜೆ ನಮ್ಮ ಮನೆಯ ಬಾಗಿಲಿಗೆ ಬಂದು ನಿಂತರು. ಸರಕಾರದ ನೆರವು ಬರುತ್ತದೆ, ಬರಲಿ, ಅದು ಬರುವವರೆಗೂ ಹೊಟ್ಟೆ ಕಾಯುವುದಿಲ್ಲ ಎಂದರು. ನಮ್ಮ ಮನೆಗಳಲ್ಲಿ ಒಣಗಿಸಿಟ್ಟ ಖಡಕ್ ರೊಟ್ಟಿ ಇರುತ್ತವೆ. ಫೌಜಿನ ಬಿಸ್ಕೀಟಿಗಿಂತ ಹೆಚ್ಚು ದಿನ ಇರುತ್ತವೆ, ಬಾಯಿಗೂ ಹತ್ತುತ್ತವೆ. "ಮನಿ ಒಳಗ ಹೋಗಿ ಕೇಳಾಕ ನನ್ನ ಬಿಡೂದಿಲ್ರಿ. ನೀವು ಒಳಗ ಹೋಗ್ರಿ, ನಾ ಹೊರಗ ನಿಂತ ಹೊರತೇನಿ" ಎಂದರು. ಜೋರಾಪುರ ಪೇಟೆಯಿಂದ ಹಿಡಿದು ಸಿದ್ಧೇಶ್ವರ ಗುಡಿಯ ಸುತ್ತಿನ ಓಣಿಗಳವರೆಗೂ ತಿರುಗಿದೆವು. ನಮ್ಮ ಹೆಣ್ಣುಮಕ್ಕಳು ಕೊಡುವುದರಲ್ಲಿ ಕಡಿಮೆಯವರಲ್ಲ. ಬುಟ್ಟಿ ಬುಟ್ಟಿ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಕಾರದ ಗಂಟು. ಒಬ್ಬಾಕೆ ಮಾತ್ರ, ಇವನ್ನೆಲ್ಲ ಯಾರು ಹೊತ್ತು ಒಯ್ಯುತ್ತಾರೆಂದು ಬಾಗಿಲಾಚೆ ಇಣುಕಿ ಕೇಳಿದಳು. ಲಾರಿ ಹೊತ್ತು ಒಯ್ಯುತ್ತದೆ ಎಂದು ಹೇಳಿ ಬುಟ್ಟಿ ಎತ್ತಿಕೊಂಡೆ.

ಲಾರಿ ತಿಕೋಟಾದ ಶೇಂಗಾ ವ್ಯಾಪಾರಿಯದು. ಅದರ ಇಂಜಿನ್ನು ಕೆಟ್ಟಾಗಲೆಲ್ಲ ಡ್ರಿಲ್ ಮಾಸ್ತರೇ ಹೋಗಿ ರಿಪೇರಿ ಮಾಡುತ್ತಿದ್ದುದರಿಂದ ಆತ ಇಲ್ಲವೆನ್ನಲಿಲ್ಲ. ಕೆಸರು ಹತ್ತಿಸದೆ ತಂದು ನಿಲ್ಲಿಸಬೇಕೆಂದು ಕರಾರು ಹಾಕಿದ. ಡೋಣಿ ದಂಡೆಗೆ ಹೋಗುವ ಲಾರಿಗೆ ಇಂಥ ಕರಾರು ಹಾಕಿದವನ ಬುದ್ಧಿಯನ್ನು ನೆನೆದು ಹಾದಿಯುದ್ದಕ್ಕೂ ನಕ್ಕೆವು. ಮರುದಿನ ಬೆಳಿಗ್ಗೆ ಹೊರಟವರು ನಾನು, ಡ್ರಿಲ್ ಮಾಸ್ತರು, ಹಿಂದೆ ಚೀಲಗಳ ಮೇಲೆ ಪೇಟೆಯ ಇಬ್ಬರು ಹಮಾಲರು.

ರಸ್ತೆ ಮುರಿದ ಕಡೆ ಲಾರಿ ನಿಲ್ಲಿಸಿ, ಗಟ್ಟಿ ನೆಲ ಹುಡುಕುತ್ತ ಚೀಲ ಹೊತ್ತು ದಿಬ್ಬ ಮುಟ್ಟಿದೆವು. ಖಾಕಿ ಬಟ್ಟೆ, ಬೂಟು ನೋಡಿ ಊರವರು ಎದ್ದು ನಿಂತರು. "ಬರ್ರಿ ಸಾಹೇಬ್ರ" ಎಂದು ಕಂಬಳಿ ಹಾಸಿದರು. ಚೀಲ ಬಿಚ್ಚಿದೆವು. ಒಬ್ಬರೂ ಕೈ ಚಾಚಲಿಲ್ಲ. ಸಣ್ಣ ಮಕ್ಕಳಿಗೆ ಮಾತ್ರ ತಾಯಂದಿರು ಎತ್ತಿಕೊಟ್ಟರು. ದೊಡ್ಡವರು ತುಟಿ ಒಣಗಿಸಿಕೊಂಡು ರೊಟ್ಟಿಯನ್ನೇ ನೋಡುತ್ತ ಕುಳಿತಿದ್ದರು. ನನಗೆ ತಲೆ ಕೆಟ್ಟಿತು. ಯಾಕೆ ತಿನ್ನುವುದಿಲ್ಲವೆಂದು ಕೇಳಿದೆ.

ಅವರು ಹೇಳಿದ್ದು ಇಷ್ಟು. ಊರಿನ ಗೌಡ ಎತ್ತುಗಳ ಕಣ್ಣಿ ಬಿಚ್ಚಲು ಹೋಗಿ ನೀರಿಗೆ ಸಿಕ್ಕು ಸತ್ತಿದ್ದ. ಹೆಣ ಕೆಳಗಿನ ಜಾಲಿ ಗಿಡಗಳಲ್ಲಿ ಸಿಕ್ಕಿಕೊಂಡಿತ್ತು. ದಿಬ್ಬದಿಂದ ಕಾಣುತ್ತಿತ್ತು, ಬಿಳಿಯ ಅಂಗಿ ತೊಟ್ಟ ತೋಳು. ಊರ ಹದ್ದಿನೊಳಗೆ ಹೆಣ ಇರುವಾಗ ಒಲೆ ಹೊತ್ತಿಸುವಂತಿಲ್ಲ, ಅನ್ನ ಮುಟ್ಟುವಂತಿಲ್ಲ. ಅದು ನಮ್ಮ ಕಡೆಯ ಊರುಗಳಲ್ಲಿ ಎಲ್ಲರಿಗೂ ಗೊತ್ತಿದ್ದ ರೀತಿ. ಬೆಳಿಗ್ಗೆ ಸತ್ತರೆ ಸಂಜೆಗೆ ಮಣ್ಣಾಗುತ್ತದೆ, ಒಂದು ಹೊತ್ತು ಉಪವಾಸ ಯಾರಿಗೂ ಭಾರವಲ್ಲ. ಇಲ್ಲಿ ಹೆಣ ತರುವವರೇ ಇರಲಿಲ್ಲ. ದಿಬ್ಬದ ಆಚೆಯ ಇಳಿಜಾರಿನಲ್ಲಿ ಕೇರಿಯವರು ಬೇರೆಯಾಗಿ ಕುಳಿತಿದ್ದರು, ಎಲ್ಲರಿಗಿಂತ ಮೊದಲು ಬಿದ್ದದ್ದು ಅವರ ಮನೆಗಳೇ. ಹೆಣ ತನ್ನಿರಿ ಎಂದು ಅವರಿಗೆ ಹೇಳಿ ಕಳಿಸಿದ್ದರು. ಹೋದವರಲ್ಲಿ ಒಬ್ಬ ಕುತ್ತಿಗೆಯವರೆಗೂ ಹೂತು ಸಾಯುವುದರಲ್ಲಿದ್ದ, ಉಳಿದವರು ಹೇಗೋ ಎಳೆದು ತೆಗೆದಿದ್ದರು. ಇನ್ನು ನಾವು ಇಳಿಯುವುದಿಲ್ಲ ಎಂದು ಅವರೂ ಕುಳಿತುಬಿಟ್ಟಿದ್ದರು. ಹಸಿವಿನಿಂದ ಒಬ್ಬ ಬಸುರಿ ಆಗಲೇ ಕಣ್ಣು ತೇಲಿಸಿದ್ದಳು.

ಡ್ರಿಲ್ ಮಾಸ್ತರು ಬೂಟು ಬಿಚ್ಚತೊಡಗಿದರು. ಆಗ ಒಬ್ಬ ಮುದುಕ ಅವರ ಮುಖವನ್ನು ಕಣ್ಣು ಕಿರಿದು ಮಾಡಿ ನೋಡಿ, "ನೀ ಅರಕೇರ್ಯಾಂವ ಅಲ್ಲಾ? ದನಾ ಎಳೀತಿದ್ದಾನ ಮಗಾ?" ಎಂದ. ಹೌದೆಂದರು. ಅಲ್ಲಿಯವರೆಗೆ ಸಾಹೇಬರಾಗಿದ್ದವರು ಒಂದೇ ಉಸಿರಿಗೆ 'ನೀನು' ಆದರು. ಹಾಸಿದ ಕಂಬಳಿಯನ್ನು ಯಾರೋ ಮೆಲ್ಲಗೆ ಎಳೆದುಕೊಂಡರು. ಸತ್ತ ಗೌಡನ ತಮ್ಮ ಮುಂದೆ ಬಂದ. ಅಳುವುದಕ್ಕೂ ತ್ರಾಣವಿಲ್ಲದ ಮುಖ. ಕೇರಿಯ ಹುಡುಗರು ನಿನ್ನ ಮಾತು ಕೇಳುತ್ತಾರೆ, ಅವರನ್ನು ಕರೆದುಕೊಂಡು ಹೋಗಿ ನಮ್ಮಣ್ಣನನ್ನು ತಂದುಕೊಡು, ಬರುವ ಸುಗ್ಗಿಯಲ್ಲಿ ಬೇಕಾದಷ್ಟು ಜೋಳ ಕೊಡುತ್ತೇನೆ ಎಂದು ಬೇಡಿಕೊಂಡ.

ಡ್ರಿಲ್ ಮಾಸ್ತರು ಎರಡನೆಯ ಬೂಟು ಬಿಚ್ಚಿ, ಎರಡನ್ನೂ ಜೋಡಿಸಿ ಕಲ್ಲಿನ ಮೇಲಿಟ್ಟು ಹೇಳಿದರು. "ಹೊರಸು ಕೊಡ್ರಿ, ಏಣಿ ಕೊಡ್ರಿ. ರಾಡಿ ಮ್ಯಾಲ ಏಣಿ ಹಾಕಿ, ಕಣಿಕಿ ಸಿವುಡು ಹಾಸಿ ಹಾದಿ ನಾ ಮಾಡತೇನಿ. ಹೊರಸಿಗೆ ನಾಕ ಮೂಲಿ ಅದಾವ್ರಿ. ಒಂದ ಮೂಲಿ ನಾ ಹಿಡೀತೇನಿ. ಕೇರಿಂದ ಒಬ್ಬ ಬರತಾನ. ಉಳದ ಎರಡ ಮೂಲಿ ನಿಮ್ಮವು."

ಗೌಡನ ತಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನಮ್ಮಲ್ಲಿ ಆ ಪದ್ಧತಿ ಇಲ್ಲ, ರಾಡಿಗಿಳಿದು ಹೊತ್ತು ತರುವುದು ಕೇರಿಯವರು, ಮನೆಯಂಗಳಕ್ಕೆ ಬಂದ ಮೇಲೆ ನಮ್ಮದು ಎಂದ. ಇವರು, "ಹಂಗಾರ ಕೂಡೂಣು. ಫೌಜಿನ್ಯಾಗ ನನಗ ಕೂಡಾಕೂ ಕಲಿಸ್ಯಾರ" ಎಂದು ನೆಲದ ಮೇಲೆ ಕಾಲು ಮಡಚಿ ಕುಳಿತುಬಿಟ್ಟರು.

ನನಗೆ ಅವರ ಮೇಲೆ ಸಿಟ್ಟು ಬಂತು. ಬಸುರಿಯೊಬ್ಬಳು ಕಣ್ಣು ತೇಲಿಸಿರುವಾಗ ಇದೆಂಥ ಹಟ? ಪಕ್ಕಕ್ಕೆ ಕರೆದು ಬೈದೆ. ನಿಮ್ಮ ಮಾನದ ಲೆಕ್ಕ ತೀರಿಸಿಕೊಳ್ಳಲು ಇದು ಹೊತ್ತಲ್ಲ, ಕೇರಿಯಿಂದಲೇ ನಾಲ್ವರನ್ನು ಕರೆದುಕೊಂಡು ಹೋಗಿ ಮುಗಿಸಿಬಿಡ್ರಿ ಎಂದೆ. ಅವರು ನನ್ನ ಮೇಲೆ ರೇಗಲಿಲ್ಲ.

"ಮಾನದ ಮಾತೂ ಹೌದ್ರಿ ಅಕ್ಕೋರ, ಸುಳ್ಳ ಯಾಕ ಹೇಳ್ಲಿ. ಆದ್ರ ಕೇರಿಯವರು ಒಮ್ಮಿ ಇಳದ ಸಾಯಾಕ ಹೋಗಿ ಬಂದಾರ. ಮತ್ತ ಅವರನ್ನಷ್ಟ ಇಳಸು ಅಂದ್ರ ನಾ ಇಳಸೂದಿಲ್ಲ. ಇಳಿಸಿದೆ ಅನ್ರಿ, ನಾಕೂ ಮಂದಿ ಕೇರಿಯವರ ಹೋದ್ರ ಹೆಣ ಬರತೈತಿ. ಊರು ಬರೂದಿಲ್ಲ."

ಅವರು ಸುಮ್ಮನೆ ಕೂಡಲಿಲ್ಲ ಎಂಬುದನ್ನೂ ಹೇಳಬೇಕು. ಆ ಬಸುರಿಗೆ ಬೆಲ್ಲದ ನೀರು ಕುಡಿಸಲು ನನಗೆ ಹೇಳಿದರು, ನೀರು ಅನ್ನವಲ್ಲವೆಂದು ಅತ್ತೆಯನ್ನು ಒಪ್ಪಿಸಿದರು. ಹಮಾಲರಿಂದ ಜೋಳದ ದಂಟಿನ ಕಣಿಕೆ ತರಿಸಿ ಸಿವುಡು ಕಟ್ಟಿಸಿದರು. ದಿಬ್ಬದ ಆಚೆಗೆ ಹೋಗಿ ಕೇರಿಯವರ ಜೊತೆ ಮಾತಾಡಿ ಒಬ್ಬ ತರುಣನನ್ನು ಕರೆತಂದರು. ಹೊರಸು ತಂದು ಏಣಿಯ ಪಕ್ಕ ಇಟ್ಟರು. ಎಲ್ಲ ಸಿದ್ಧವಾಯಿತು. ಎರಡು ಮೂಲೆ ಖಾಲಿ ಉಳಿದವು. ಊರವರು ಒಬ್ಬರ ಮುಖ ಒಬ್ಬರು ನೋಡದೆ ನಿಂತಿದ್ದರು.

ಗೌಡನ ತಾಯಿ ಅಲ್ಲಿಯವರೆಗೆ ಗುಡಿಯ ಕಂಬಕ್ಕೆ ಒರಗಿ ಆ ಬಿಳಿಯ ತೋಳನ್ನೇ ನೋಡುತ್ತ ಕುಳಿತಿದ್ದಳು. ಎದ್ದಳು. ಸೀರೆಯ ನೆರಿಗೆ ಎತ್ತಿ ಕಚ್ಚೆ ಬಿಗಿದಳು. ಹೊರಸಿನ ಹತ್ತಿರ ಬಂದು ಡ್ರಿಲ್ ಮಾಸ್ತರರಿಗೆ, "ಯಪ್ಪಾ, ಯಾವ ಮೂಲಿ ಹಿಡೀಲಿ?" ಎಂದು ಕೇಳಿದಳು.

ಮಠದ ಅಯ್ಯ ಓಡಿಬಂದು ಅವಳ ತೋಳು ಹಿಡಿದ. ಮಣ್ಣು ಕೊಡುವಾಗ ಮಂತ್ರ ಹೇಳಬೇಕಾದವನು ಅವನು. ನೀ ಕೂಡು ತಾಯಿ, ನಾ ಹಿಡಿಯುತ್ತೇನೆ ಎಂದ. ಮೈಮೇಲಿನ ಕಾವಿ ಶಾಲನ್ನು ತೆಗೆದು ಗುಡಿಯ ಕಟ್ಟೆಯ ಮೇಲಿಟ್ಟ. ಗೌಡನ ತಮ್ಮ ಆಗ ತಲೆ ತಗ್ಗಿಸಿಕೊಂಡು ಬಂದು ನಾಲ್ಕನೆಯ ಮೂಲೆಗೆ ನಿಂತ.

ಅವರು ಹೋದದ್ದನ್ನೂ ಬಂದದ್ದನ್ನೂ ನಾವು ದಿಬ್ಬದ ಮೇಲಿನಿಂದ ನೋಡಿದೆವು. ಏಣಿ ಹಾಕಿ, ಸಿವುಡು ಹಾಸಿ, ಮುಂದೆ ಸಾಗಿ, ಹಿಂದಿನ ಏಣಿ ಎಳೆದು ಮತ್ತೆ ಮುಂದೆ ಹಾಕಿ. ಡ್ರಿಲ್ ಮಾಸ್ತರರ ಹುಕುಂ ಇಲ್ಲಿಯವರೆಗೂ ಕೇಳುತ್ತಿತ್ತು. ಜಾಲಿ ಮುಳ್ಳಿನಿಂದ ಹೆಣ ಬಿಡಿಸುವಾಗ ನಾಲ್ವರ ಕೈಗಳೂ ಹರಿದವು. ಮರಳಿ ಬರುವಾಗ ಗೌಡನ ತಮ್ಮ ಏಣಿ ತಪ್ಪಿ ತೊಡೆಯವರೆಗೂ ಹೂತುಹೋದ. ಡ್ರಿಲ್ ಮಾಸ್ತರು ಹೊರಸನ್ನು ಹೆಗಲಿಗೆ ಕೊಟ್ಟುಕೊಂಡೇ ಅವನ ರಟ್ಟೆ ಹಿಡಿದು ಮೇಲೆಳೆದರು. ಅವನು ಅವರ ಕುತ್ತಿಗೆಗೆ ಕೈ ಹಾಕಿ ತಬ್ಬಿಕೊಂಡು ನಿಂತು ದಮ್ಮು ತೆಗೆದುಕೊಂಡ. ದಿಬ್ಬ ಏರುವ ಹೊತ್ತಿಗೆ ನಾಲ್ವರ ಮೈಯೂ ಕರಿ ಎರಿಯಿಂದ ಒಂದೇ ಬಣ್ಣವಾಗಿತ್ತು. ತಾಯಿ ಹೊರಸಿನ ಮೇಲಿನ ಮಗನ ಮುಖದ ಕೆಸರನ್ನು ಸೆರಗಿನಿಂದ ಒರೆಸಿದಳು. ಆಮೇಲೆ ಗುರುತು ಹಿಡಿಯಲಾರದೆ ಆ ನಾಲ್ವರ ಮುಖಗಳನ್ನೂ ಒಂದೊಂದಾಗಿ ನೋಡಿ, ತನ್ನ ಇನ್ನೊಬ್ಬ ಮಗ ಎಲ್ಲಿ ಎಂದು ಕೇಳಿದಳು.

ದಿಬ್ಬದ ಮೇಲ್ಭಾಗದಲ್ಲಿ ಗಟ್ಟಿ ನೆಲ ಹುಡುಕಿ ಮಣ್ಣು ಮಾಡಿದರು. ಅಯ್ಯ ಮಂತ್ರ ಹೇಳಿದ. ಎಲ್ಲರೂ ಮೈಮೇಲೆ ನೀರು ಹಾಕಿಕೊಂಡು ಬಂದರು. ಆಗ ರೊಟ್ಟಿಯ ಚೀಲಗಳಿಗೆ ಕೈ ಬಿದ್ದವು. ರೊಟ್ಟಿ ಮುರಿಯುವ ಸದ್ದು ದಿಬ್ಬದ ಎರಡೂ ಕಡೆಯಿಂದ ಕೇಳಿತು. ಅವಸರದಲ್ಲಿ ತಿಂದು ಬಿಕ್ಕಳಿಸಿದವರ ಬೆನ್ನು ನೀವುತ್ತ, ನೀರಲ್ಲಿ ನೆನೆಸಿ ತಿನ್ನಿರೆಂದು ಕೂಗುತ್ತ ನಾನು ತಿರುಗಿದೆ. ಆ ಬಸುರಿ ಶೇಂಗಾ ಹಿಂಡಿ ಹಚ್ಚಿಕೊಂಡು ಚೂರು ಚೂರೇ ತಿಂದಳು. ಅವಳ ಅತ್ತೆ ಡ್ರಿಲ್ ಮಾಸ್ತರರ ಕಡೆ ಕೈ ಮುಗಿದಳು.

ಹೊರಡುವ ಹೊತ್ತಾಯಿತು. ಗೌಡನ ತಮ್ಮ ಹೋಗಿ, ದಿಬ್ಬದ ಬುಡದಲ್ಲಿ ಬೀಳದೆ ಉಳಿದಿದ್ದ ತಮ್ಮ ಕಲ್ಲಿನ ಮನೆಯ ಅಟ್ಟದ ಟ್ರಂಕಿನಿಂದ ಏನೋ ತಂದು ತಾಯಿಯ ಕೈಗೆ ಕೊಟ್ಟ. ಸತ್ತ ಗೌಡನ ರುಮಾಲು, ಲಗ್ನದಲ್ಲಿ ತಲೆಗೆ ಸುತ್ತಿದ್ದ ರೇಶಿಮೆ ಅಂಚಿನದು. ಹೆಣ ಹೊತ್ತ ಕೇರಿಯವರಿಗೆ ಸತ್ತವರ ಬಟ್ಟೆ ಕೊಡುವುದು ಅಲ್ಲಿಯ ರೂಢಿ. ಮುದುಕಿ ಅದನ್ನು ತಂದು ಡ್ರಿಲ್ ಮಾಸ್ತರರ ಮುಂದಿನ ಕಲ್ಲಿನ ಮೇಲಿಟ್ಟು, ಕಣ್ಣೊರೆಸಿಕೊಂಡು, "ತೊಗೊ ಯಪ್ಪಾ. ಇದಕಿಂತ ಚೊಲೋದು ನನ್ನ ಹತ್ರ ಇಲ್ಲ" ಎಂದಳು. ಅವಳ ಮನಸ್ಸಿನಲ್ಲಿ ಎಳ್ಳಷ್ಟೂ ಕಪಟವಿರಲಿಲ್ಲ. ಮನೆಯಲ್ಲಿ ಉಳಿದಿದ್ದ ಅತಿ ಒಳ್ಳೆಯದನ್ನೇ ತಂದಿದ್ದಳು. ಆದರೆ ಹೊತ್ತ ನಾಲ್ವರಲ್ಲಿ ಅದು ಬಂದದ್ದು ಕೇರಿಯವರ ಮುಂದೆ ಮಾತ್ರ. ಕೇರಿಯ ತರುಣ ರೂಢಿಯಂತೆ ಕೈ ಚಾಚಿದ. ಡ್ರಿಲ್ ಮಾಸ್ತರು ಅವನ ಕೈಯನ್ನು ಮೆತ್ತಗೆ ಹಿಡಿದು ಕೆಳಗಿಳಿಸಿದರು. ಬೂಟು ಹಾಕಿಕೊಳ್ಳಲು ಬಗ್ಗಿದ್ದವರು ನೆಟ್ಟಗೆ ನಿಂತರು.

"ಎವ್ವಾ, ಭಾಳ ಚೊಲೊ ರುಮಾಲ ಐತಿ. ಬ್ಯಾಡ ಅನ್ನೂದಿಲ್ಲ. ನಾಕ ಮಂದಿ ಹೊತ್ತೀವಿ. ನಾಕ ಪಾಲ ಮಾಡ್ರಿ."

ಅಯ್ಯ ನೆಲ ನೋಡಿದ. ಗೌಡನ ತಮ್ಮನ ಮುಖ ಬೆಳ್ಳಗಾಯಿತು. ಕೇರಿಯವರು ತೊಗೊಳ್ಳುವ ಬಟ್ಟೆಯಲ್ಲಿ ತನ್ನದೂ ಒಂದು ಪಾಲು ಎಂಬುದನ್ನು ಅವನು ನುಂಗಲಾರದೆ ನಿಂತಿದ್ದ. ಮುದುಕಿ ಕಲ್ಲಿನ ಮೇಲೆ ತಾನೇ ಕುಳಿತು, ರುಮಾಲನ್ನು ಮಡಿಲಿಗೆ ಎಳೆದುಕೊಂಡು, ಅಂಚನ್ನು ಹಲ್ಲಿನಿಂದ ಕಚ್ಚಿ ಹರಿದಳು. ಮತ್ತೊಮ್ಮೆ ಹರಿದಳು. ಇನ್ನೊಮ್ಮೆ. ಮೊದಲ ತುಂಡನ್ನು ತನ್ನ ಮಗನ ಮುಂದೆ ಹಿಡಿದಳು. ಅವನು ಕದಲಲಿಲ್ಲ.

"ನೀ ಹೊತ್ತಿ ಇಲ್ಲೊ?" ಎಂದಳು.

ಅವನು ಎರಡೂ ಕೈ ಒಡ್ಡಿದ.